ಪುಸ್ತಕದಂಗಡಿಯ ಅಸ್ಥಿಪಂಜರ: ಹೋಂಡಾ-ಸಾನ್ ಮಂಗಾ ಓದಲು ಸಮಗ್ರ ಮಾರ್ಗದರ್ಶಿ

ಟೋಕಿಯೊದ ಒಂದು ದೊಡ್ಡ ಪುಸ್ತಕದಂಗಡಿ. ಅಲ್ಲಿ ಏಪ್ರನ್ ಕಟ್ಟಿಕೊಂಡು ಕೆಲಸ ಮಾಡುವ ಒಂದು ಅಸ್ಥಿಪಂಜರ. ಅದಕ್ಕೆ ಬೆವರು ಕಿತ್ತುಕೊಂಡು ಬರುತ್ತದೆ. ಗಿರಾಕಿ ಹತ್ತಿರ ಬಂದರೆ ಎದೆಗೂಡಿನಲ್ಲಿ ಇಲ್ಲದ ಹೃದಯ ಢವಢವ ಅನ್ನುತ್ತದೆ. ‘ಗಾಯ್ಕೋತ್ಸು ಶೋತೆನ್‌ಇನ್ ಹೋಂಡಾ-ಸಾನ್’ ಎಂಬ ಮಂಗಾದ (ಜಪಾನಿನ ಚಿತ್ರಕಥೆ ಪುಸ್ತಕದ) ಕಥೆ ಹೆಚ್ಚುಕಮ್ಮಿ ಇಷ್ಟೇ. ಕೊಲೆ ಇಲ್ಲ, ಪ್ರೇಮ ಇಲ್ಲ, ಲೋಕ ಉಳಿಸುವ ಹೊಣೆ ಯಾರ ತಲೆ ಮೇಲೂ ಇಲ್ಲ. ಪುಸ್ತಕ ಬರುತ್ತದೆ, ಜೋಡಿಸುತ್ತಾರೆ, ಮಾರುತ್ತಾರೆ, ಉಳಿದದ್ದನ್ನು ವಾಪಸ್ ಕಳಿಸುತ್ತಾರೆ. ಮಾರನೇ ದಿನ ಮತ್ತೆ ಅದೇ.

ಬರೆದು ಚಿತ್ರಿಸಿದವರ ಹೆಸರೂ ಹೋಂಡಾ. ಅದು ಕಾವ್ಯನಾಮ. ಅವರು ಪುಸ್ತಕದಂಗಡಿಯಲ್ಲಿ ಕೆಲಸ ಮಾಡಿದವರು, ತಮ್ಮ ಅನುಭವವನ್ನೇ ಚಿತ್ರ ಮಾಡಿದವರು. 2015ರಲ್ಲಿ ಪಿಕ್ಸಿವ್ ಜಾಲತಾಣದ ಕಾಮಿಕ್ ವಿಭಾಗದಲ್ಲಿ ಶುರುವಾದ ಸರಣಿ 2019ರಲ್ಲಿ ಮುಗಿಯಿತು. ಕಾಡೊಕಾವಾ ಸಂಸ್ಥೆ ಅದನ್ನು 4 ಸಂಪುಟಗಳಲ್ಲಿ ತಂದಿತು. 2018ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಅನಿಮೆ, ಅಂದರೆ ಜಪಾನಿ ಕಾರ್ಟೂನ್ ಸರಣಿ, ಕೂಡ ಬಂತು, 12 ಕಂತು. ನಮ್ಮ ಕೈಗೆ ಸಿಗುವುದು 2019ರಿಂದ ಯೆನ್ ಪ್ರೆಸ್ ಪ್ರಕಟಿಸಿದ ಇಂಗ್ಲಿಷ್ ಅನುವಾದ.

ಇದಕ್ಕೆ ಮಾರ್ಗದರ್ಶಿ ಯಾಕೆ ಬೇಕು? ಮೊದಲ ಸಂಪುಟ ಓದಿ, ಅಸ್ಥಿಪಂಜರಕ್ಕೆ ನಕ್ಕು, ಎರಡನೆಯದರ ಹೊತ್ತಿಗೆ ‘ಇದರಲ್ಲಿ ಏನೂ ಆಗ್ತಾನೇ ಇಲ್ವಲ್ಲ’ ಅಂತ ಬಿಟ್ಟವರನ್ನು ಕಂಡಿದ್ದೇನೆ. ಅವರನ್ನು ದೂರುವಂತಿಲ್ಲ. ಇಲ್ಲಿನ ಅರ್ಧ ನಗು ನಿಂತಿರುವುದು ಜಪಾನಿನಲ್ಲಿ ಪುಸ್ತಕ ವ್ಯಾಪಾರ ನಡೆಯುವ ವಿಚಿತ್ರ ರೀತಿಯ ಮೇಲೆ. ಜಪಾನಿ ಓದುಗರಿಗೆ ಅದು ಸ್ವಲ್ಪವಾದರೂ ಗೊತ್ತು, ನಮಗೆ ಗೊತ್ತಿಲ್ಲ. ಅಂಗಡಿಯ ಹಿಂಬಾಗಿಲು ಒಮ್ಮೆ ನೋಡಿಬಿಟ್ಟರೆ, ಸಪ್ಪೆ ಅನ್ನಿಸಿದ ಪುಟವೇ ಹೊಟ್ಟೆ ಹಿಡಿದುಕೊಂಡು ನಗಿಸುತ್ತದೆ.

ಹಂತ 1: ಮೊದಲು ಧ್ವನಿ, ಆಮೇಲೆ ಪುಟ

ಸಾಮಾನ್ಯವಾಗಿ ನಾನು ಮೂಲ ಮಂಗಾ ಮೊದಲು ಓದಿ, ಅನಿಮೆ ಆಮೇಲೆ ನೋಡಿ ಅನ್ನುವವನು. ಈ ಒಂದು ವಿಷಯದಲ್ಲಿ ಉಲ್ಟಾ. ಅನಿಮೆಯ ಮೊದಲ ಒಂದೆರಡು ಕಂತು ನೋಡಿ, ಅಲ್ಲಿಗೇ ನಿಲ್ಲಿಸಿ, ಮಂಗಾ ಹಿಡಿಯಿರಿ.

ಕಾರಣ ಹೋಂಡಾ ಅವರ ಒಳಮಾತು. ಪುಟದ ತುಂಬ ಅಕ್ಷರವೋ ಅಕ್ಷರ. ಬಾಯಲ್ಲಿ ‘ಹೌದು, ದಯವಿಟ್ಟು ಸ್ವಲ್ಪ ಕಾಯಿರಿ’ ಅನ್ನುವಾಗ ಮನಸ್ಸಿನಲ್ಲಿ ಹತ್ತು ಸಾಲಿನ ಗಾಬರಿ ಓಡುತ್ತಿರುತ್ತದೆ. ಅದನ್ನು ನಿಧಾನಕ್ಕೆ ಓದಿದರೆ ಹಾಸ್ಯ ಸತ್ತುಹೋಗುತ್ತದೆ. ಅನಿಮೆಯಲ್ಲಿ ಹೋಂಡಾಗೆ ಧ್ವನಿ ಕೊಟ್ಟ ಸೋಮಾ ಸೈತೋ ಆ ಮಾತನ್ನು ಉಸಿರು ಬಿಡದೆ ಓಡಿಸುತ್ತಾರೆ. ಆ ಓಟ ಕಿವಿಯಲ್ಲಿ ಕೂತ ಮೇಲೆ ಮಂಗಾ ತೆರೆದರೆ ಕಣ್ಣೂ ಅದೇ ವೇಗಕ್ಕೆ ಹೊಂದಿಕೊಳ್ಳುತ್ತದೆ.

ಒಂದು ಕಂತು ಸುಮಾರು 11 ನಿಮಿಷ ಮಾತ್ರ. ಡಿಎಲ್‌ಇ ಸ್ಟುಡಿಯೊ ಮಾಡಿದ್ದು, ಚಲನೆ ಕಡಿಮೆ. ಬಹುಪಾಲು ನಿಂತ ಚಿತ್ರಗಳನ್ನೇ ಅತ್ತಿತ್ತ ಅಲ್ಲಾಡಿಸಿದ ಹಾಗಿರುತ್ತದೆ. ದೊಡ್ಡ ಬಜೆಟ್ಟಿನ ಅನಿಮೆ ನೋಡಿ ಅಭ್ಯಾಸವಾದವರಿಗೆ ಮೊದಲ ಎರಡು ನಿಮಿಷ ಬೇಸರ ಆಗಬಹುದು. ತಲೆ ಕೆಡಿಸಿಕೊಳ್ಳಬೇಡಿ, ನಿಮಗೆ ಬೇಕಾದದ್ದು ಧ್ವನಿ. ಅಂದಹಾಗೆ, ಇದರ ಆರಂಭದ ಹಾಡಿನ ಹೆಸರೇ ‘ಐಎಸ್‌ಬಿಎನ್’. ಪುಸ್ತಕದ ಹಿಂಬದಿಯ ಸಂಖ್ಯೆಯನ್ನು ಹಾಡು ಮಾಡಿದವರ ತಮಾಷೆ ಪ್ರಜ್ಞೆಯನ್ನು ಮೆಚ್ಚಲೇಬೇಕು.

ಹಂತ 2: ಬಲದಿಂದ ಎಡಕ್ಕೆ

ಮಂಗಾ ಓದಿ ಗೊತ್ತಿರುವವರು ಇದನ್ನು ದಾಟಿ ಮುಂದಕ್ಕೆ ಹೋಗಿ.

ಹೊಸಬರಿಗೆ: ನಾವು ಹಿಂಬದಿ ಅನ್ನುವ ಕಡೆಯಿಂದ ಪುಸ್ತಕ ತೆರೆಯಿರಿ. ಪುಟದ ಮೇಲ್ಭಾಗದ ಬಲ ಮೂಲೆಯ ಚೌಕಟ್ಟು ಮೊದಲು, ಆಮೇಲೆ ಎಡಕ್ಕೆ, ಆಮೇಲೆ ಕೆಳಗಿನ ಸಾಲಿನ ಬಲಕ್ಕೆ. ಒಂದೇ ಚೌಕಟ್ಟಿನೊಳಗಿನ ಮಾತಿನ ಗುಳ್ಳೆಗಳಿಗೂ ಇದೇ ನಿಯಮ. ಆದರೆ ಗುಳ್ಳೆಯೊಳಗಿನ ಇಂಗ್ಲಿಷ್ ಸಾಲನ್ನು ಮಾತ್ರ ಎಡದಿಂದ ಬಲಕ್ಕೇ ಓದಬೇಕು. ಶುರುವಿನಲ್ಲಿ ಕಣ್ಣು ತಡವರಿಸುವುದು ಇಲ್ಲಿಯೇ.

ಹೋಂಡಾ-ಸಾನ್‌ನಲ್ಲಿ ಇನ್ನೊಂದು ಪದರ ಇದೆ. ಗುಳ್ಳೆಯ ಹೊರಗೆ, ಚಿತ್ರದ ಮೂಲೆಯಲ್ಲಿ, ಪುಟ್ಟ ಅಕ್ಷರದಲ್ಲಿ ಗೊಣಗಾಟಗಳಿರುತ್ತವೆ. ಅವಸರದಲ್ಲಿ ಓದುವವರು ಬಿಡುವುದು ಅವನ್ನೇ. ಬಿಡಬೇಡಿ. ಮೊದಲು ದೊಡ್ಡ ಗುಳ್ಳೆ, ಆಮೇಲೆ ಚಿತ್ರ, ಕೊನೆಗೆ ಈ ಪುಟಾಣಿ ಗೊಣಗಾಟ. ಈ ಕ್ರಮದಲ್ಲಿ ಹೋದರೆ ಹೊರಗಿನ ಮುಖಕ್ಕೂ ಒಳಗಿನ ಸಂಕಟಕ್ಕೂ ಇರುವ ದೂರ ಕಾಣುತ್ತದೆ. ಫೋನಿನಲ್ಲಿ ಓದುವುದಾದರೆ ಆಗಾಗ ಹಿಗ್ಗಿಸಿ ನೋಡಬೇಕಾಗುತ್ತದೆ. ಟ್ಯಾಬ್ ಇದ್ದರೆ ಅದರಲ್ಲೇ ಓದಿ.

ಹಂತ 3: ಮುಖವಾಡಗಳ ಪಟ್ಟಿ ಮಾಡಿಕೊಳ್ಳಿ

ಹೋಂಡಾ ಒಬ್ಬರೇ ಅಲ್ಲ, ಅಂಗಡಿಯ ಯಾರಿಗೂ ಮನುಷ್ಯನ ಮುಖ ಇಲ್ಲ. ಒಬ್ಬರ ತಲೆಗೆ ಕಾಗದದ ಚೀಲ. ಇನ್ನೊಬ್ಬರಿಗೆ ಕಣ್ಣಷ್ಟೇ ಬಿಟ್ಟು ಮುಖವೆಲ್ಲ ಬ್ಯಾಂಡೇಜು. ಒಬ್ಬರಿಗೆ ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್, ಮತ್ತೊಬ್ಬರಿಗೆ ತೋಳದ ತಲೆ, ಒಬ್ಬರಿಗೆ ಯುದ್ಧದ ಲೋಹದ ಶಿರಸ್ತ್ರಾಣ, ಹಿಂದಿನ ಕಾಲದ ಪ್ಲೇಗ್ ವೈದ್ಯರ ಕೊಕ್ಕಿನ ಮುಖವಾಡ ಇನ್ನೊಬ್ಬರಿಗೆ. ಅವರನ್ನು ಕರೆಯುವುದೂ ಈ ಮುಖವಾಡಗಳ ಹೆಸರಿನಿಂದಲೇ. ಗಿರಾಕಿಗಳು ಮಾತ್ರ ಮಾಮೂಲಿ ಮನುಷ್ಯರು. ಅವರಿಗೆ ಇದ್ಯಾವುದೂ ವಿಚಿತ್ರವಾಗಿ ಕಾಣುವುದಿಲ್ಲ, ಯಾರೂ ಪ್ರಶ್ನೆ ಕೇಳುವುದಿಲ್ಲ.

ನಿಜವಾದ ಸಹೋದ್ಯೋಗಿಗಳ ಬಗ್ಗೆ ಬರೆಯುವಾಗ ಗುರುತು ಮುಚ್ಚಲು ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ ಅನ್ನಿಸುತ್ತದೆ. ಹಾಸ್ಯಕ್ಕೂ ಇದು ಬಲ. ತಲೆಬುರುಡೆಗೆ ಹುಬ್ಬಿಲ್ಲ, ತುಟಿ ಇಲ್ಲ, ಕೆನ್ನೆ ಇಲ್ಲ. ಆದರೂ ಹೋಂಡಾ ಅಷ್ಟು ಭಾವ ತೋರಿಸುವುದು ಹೇಗೆ? ತಲೆ ಬಾಗಿದ ಕೋನ, ಬೆವರ ಹನಿ, ಕೈಬೆರಳ ನಡುಕ, ಕಣ್ಣಿನ ಗುಳಿಯೊಳಗಿನ ಕಪ್ಪು ಎಷ್ಟು ಗಾಢ ಅನ್ನುವುದು. ಚಿತ್ರಕಾರರ ಕೈಗೆ ಉಳಿದದ್ದು ಇಷ್ಟೇ, ಇಷ್ಟರಲ್ಲೇ ಎಲ್ಲ ಹೇಳುತ್ತಾರೆ.

ಮಾಡಬೇಕಾದ ಕೆಲಸ ಸುಲಭ. ಒಂದು ಚೀಟಿ ತೆಗೆದುಕೊಳ್ಳಿ. ಹೊಸ ಮುಖವಾಡ ಬಂದಾಗ ಅದು ಯಾವುದು, ಯಾವ ವಿಭಾಗ, ಸ್ವಭಾವ ಹೇಗೆ ಅಂತ ಒಂದೊಂದು ಸಾಲು ಬರೆದು ಪುಸ್ತಕದೊಳಗೆ ಇಟ್ಟುಕೊಳ್ಳಿ. ವಿಭಾಗ ಬರೆಯುವುದು ಮುಖ್ಯ. ದೊಡ್ಡ ಅಂಗಡಿಯಲ್ಲಿ ಒಬ್ಬೊಬ್ಬರು ಒಂದೊಂದು ಶೆಲ್ಫಿನ ಯಜಮಾನರು. ಹುಡುಗರ ಮಂಗಾ ಒಬ್ಬರದು, ಹುಡುಗಿಯರ ಮಂಗಾ ಇನ್ನೊಬ್ಬರದು. ಹೋಂಡಾ ನೋಡಿಕೊಳ್ಳುವುದು ಹೊರದೇಶದ ಕಾಮಿಕ್ಸ್ ಮತ್ತು ಚಿತ್ರಸಂಪುಟಗಳನ್ನು. ಯಾರ ಶೆಲ್ಫು ಯಾವುದು ಅಂತ ತಿಳಿಯದಿದ್ದರೆ, ಯಾರ ತಲೆನೋವು ಯಾರದು ಅನ್ನುವುದೂ ತಿಳಿಯುವುದಿಲ್ಲ.

ಹಂತ 4: ವ್ಯಾಪಾರದ ಒಳಗುಟ್ಟು ಕಲಿಯಿರಿ

ಇದು ಈ ಮಾರ್ಗದರ್ಶಿಯ ಹೃದಯ. ಬೇರೆ ಹಂತಗಳನ್ನು ಬಿಟ್ಟರೂ ಇದೊಂದನ್ನು ಓದಿ.

ಜಪಾನಿನಲ್ಲಿ ಪ್ರಕಾಶಕರು ಅಂಗಡಿಗೆ ನೇರವಾಗಿ ಪುಸ್ತಕ ಕಳಿಸುವುದು ಕಡಿಮೆ. ನಡುವೆ ‘ತೋರಿತ್ಸುಗಿ’ ಎಂಬ ಸಗಟು ವಿತರಕರಿದ್ದಾರೆ. ಅವರಲ್ಲಿ ದೊಡ್ಡವರು ಇಬ್ಬರು, ನಿಪ್ಪಾನ್ ಮತ್ತು ತೋಹಾನ್. ಯುದ್ಧಕಾಲದಲ್ಲಿ ಇಡೀ ದೇಶದ ಪುಸ್ತಕ ಹಂಚುತ್ತಿದ್ದ ಒಂದೇ ಒಂದು ಸಂಸ್ಥೆಯನ್ನು ಯುದ್ಧದ ನಂತರ ಮುಚ್ಚಿದರು. ಆ ಜಾಗ ತುಂಬಲು 1949ರಲ್ಲಿ ಹುಟ್ಟಿದವು ಇವೆರಡೂ. ಸಾವಿರಾರು ಪ್ರಕಾಶಕರು ಒಂದು ಕಡೆ, ಸಾವಿರಾರು ಅಂಗಡಿಗಳು ಇನ್ನೊಂದು ಕಡೆ, ನಡುವೆ ಈ ಕಿರಿದಾದ ದಾರಿ.

ಈಗ ಹೋಂಡಾ ಅವರ ಸಂಕಟ ಕೇಳಿ. ಒಂದು ಜನಪ್ರಿಯ ಸರಣಿಯ ಹೊಸ ಸಂಪುಟ ಬರುತ್ತಿದೆ ಅಂತಿಟ್ಟುಕೊಳ್ಳಿ. ಅಂಗಡಿಗೆ 30 ಪ್ರತಿ ಬೇಕು ಅಂತ ಅವರ ಲೆಕ್ಕ. ಬರುವುದು 6. ಯಾಕೆಂದರೆ ಯಾವ ಅಂಗಡಿಗೆ ಎಷ್ಟು ಅನ್ನುವುದು ಅಂಗಡಿಯ ಕೈಯಲ್ಲಿ ಪೂರ್ತಿ ಇಲ್ಲ. ಅಂಗಡಿಯ ಗಾತ್ರ, ಹಿಂದೆ ಎಷ್ಟು ಮಾರಿತ್ತು, ಮೊದಲ ಮುದ್ರಣ ಎಷ್ಟು, ಇದೆಲ್ಲ ನೋಡಿ ಮೇಲಿನಿಂದ ಹಂಚಿಕೆ ಆಗುತ್ತದೆ. ಆ 6 ಪ್ರತಿ ಮಧ್ಯಾಹ್ನದೊಳಗೆ ಖಾಲಿ. ಮತ್ತೆ ತರಿಸೋಣ ಅಂದರೆ ಪ್ರಕಾಶಕರ ಹತ್ತಿರವೂ ಮುಗಿದಿದೆ. ಮರುಮುದ್ರಣ ಆಗಿ ಬರಲು ವಾರಗಳು ಬೇಕು. ಅಷ್ಟರಲ್ಲಿ ಆ ಗಿರಾಕಿಯ ಆಸೆ ಆರಿಹೋಗಿರುತ್ತದೆ. ಅಂಗಡಿಯವರು ಕೌಂಟರಿನಲ್ಲಿ ನಿಂತು ‘ಕ್ಷಮಿಸಿ, ಮುಗಿದಿದೆ’ ಅಂತ ತಲೆ ಬಾಗುತ್ತಲೇ ಇರಬೇಕು. ಮರುಮುದ್ರಣದ ಪ್ರತಿಗಳು ದೊಡ್ಡ ಪೆಟ್ಟಿಗೆಯಲ್ಲಿ ಬಂದ ದಿನ ಕೇಳುವವರೇ ಇರುವುದಿಲ್ಲ. ಇದನ್ನು ತಿಳಿದು ಓದಿದರೆ, ಹೊಸ ಪುಸ್ತಕ ಬರುವ ದಿನದ ಅಧ್ಯಾಯಗಳಲ್ಲಿ ಅಸ್ಥಿಪಂಜರ ಯಾಕೆ ಅಷ್ಟು ಒದ್ದಾಡುತ್ತದೆ ಅಂತ ಗೊತ್ತಾಗುತ್ತದೆ.

ಎರಡನೇ ಸಂಗತಿ, ವಾಪಸಾತಿ. ಅಲ್ಲಿ ಪುಸ್ತಕ ಬಹುಪಾಲು ಅಂಗಡಿಗೆ ಬರುವುದು ಒಪ್ಪಿಸಿದ ಮಾಲಿನ ಹಾಗೆ. ಮಾರದಿದ್ದರೆ ವಾಪಸ್ ಕಳಿಸಬಹುದು. ಹೊಸ ಪುಸ್ತಕಕ್ಕೆ ಸಾಮಾನ್ಯ ಗಡುವು 105 ದಿನ. ಇದರಿಂದ ಅಂಗಡಿಗೆ ಧೈರ್ಯ ಬರುತ್ತದೆ, ಯಾರೂ ಕೇಳದ ಪುಸ್ತಕವನ್ನೂ ಇಟ್ಟು ನೋಡಬಹುದು. ಇನ್ನೊಂದು ಕಡೆ, ದಿನವೂ ಪೆಟ್ಟಿಗೆ ಬಿಚ್ಚುವುದು, ದಿನವೂ ಪೆಟ್ಟಿಗೆ ಕಟ್ಟುವುದು. ಹೋಂಡಾ ಮತ್ತು ಜೊತೆಗಾರರ ಬೆನ್ನು ಮುರಿಯುವುದು ಈ ಎರಡರ ನಡುವೆ. ಎಲ್ಲ ಪ್ರಕಾಶಕರೂ ಹೀಗೆ ಉದಾರಿಗಳಲ್ಲ. ಇವಾನಾಮಿ ಶೋತೆನ್ ಎಂಬ ಹೆಸರಾಂತ ಸಂಸ್ಥೆ ವಾಪಸ್ ತೆಗೆದುಕೊಳ್ಳದ ಷರತ್ತಿಗೇ ಪ್ರಸಿದ್ಧ. ಅಂಥ ಪುಸ್ತಕ ತರಿಸುವಾಗ ಅಂಗಡಿಯವರು ಎರಡು ಸಲ ಯೋಚಿಸುತ್ತಾರೆ.

ಮೂರನೆಯದು ಬೆಲೆ. ಇದು ಕರ್ನಾಟಕದ ಓದುಗರಿಗೆ ನಂಬಲಾಗದ ಸಂಗತಿ. ನವೆಂಬರ್ ಬಂತು ಅಂದರೆ ರಾಜ್ಯೋತ್ಸವದ ರಿಯಾಯಿತಿ ಎಷ್ಟು ಅಂತ ಕೇಳುವವರು ನಾವು. ಜಪಾನಿನಲ್ಲಿ ಹೊಸ ಪುಸ್ತಕದ ಬೆಲೆಯನ್ನು ಪ್ರಕಾಶಕರೇ ನಿಗದಿ ಮಾಡುತ್ತಾರೆ, ಅಂಗಡಿಗಳು ಅದೇ ಬೆಲೆಗೆ ಮಾರುತ್ತವೆ. 1953ರಲ್ಲಿ ಏಕಸ್ವಾಮ್ಯ ತಡೆ ಕಾನೂನಿಗೆ ತಂದ ತಿದ್ದುಪಡಿಯಿಂದ ಪುಸ್ತಕ, ಪತ್ರಿಕೆಗಳಿಗೆ ಈ ವಿನಾಯಿತಿ ಸಿಕ್ಕಿತು. ಹಾಗಾಗಿ ಟೋಕಿಯೊದ ಮಹಲಿನಲ್ಲೂ ಹಳ್ಳಿಯ ಪುಟ್ಟ ಅಂಗಡಿಯಲ್ಲೂ ಒಂದೇ ದರ. ಬೆಲೆ ಇಳಿಸಿ ಗಿರಾಕಿ ಸೆಳೆಯುವ ದಾರಿ ಮುಚ್ಚಿದೆ. ಉಳಿಯುವ ಲಾಭ ಬೆಲೆಯ ಐದನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಒಂದು ಪ್ರತಿ ಕಳುವಾದರೆ ಆ ನಷ್ಟ ತುಂಬಲು ಇನ್ನೂ ನಾಲ್ಕೈದು ಪ್ರತಿ ಮಾರಬೇಕು.

ಹಾಗಾದರೆ ಒಂದು ಅಂಗಡಿ ಇನ್ನೊಂದಕ್ಕಿಂತ ಹೇಗೆ ಮೇಲು? ಶೆಲ್ಫು ಜೋಡಿಸುವ ಜಾಣತನದಿಂದ, ಕೈಬರಹದ ಶಿಫಾರಸು ಚೀಟಿಗಳಿಂದ, ಕೇಳಿದ ಪುಸ್ತಕ ಹುಡುಕಿ ಕೊಡುವ ಶ್ರದ್ಧೆಯಿಂದ. ಹೋಂಡಾ ಮತ್ತು ಗೆಳೆಯರು ಒಂದು ಚೀಟಿಗಾಗಿ, ಒಂದಡಿ ಜಾಗಕ್ಕಾಗಿ ತಲೆ ಕೆಡಿಸಿಕೊಳ್ಳುವುದು ಸುಮ್ನೆ ಅಲ್ಲ. ಅವರ ಕೈಯಲ್ಲಿ ಇರುವ ಆಯುಧ ಅದೊಂದೇ. 2004ರಲ್ಲಿ ಅಂಗಡಿ ಸಿಬ್ಬಂದಿಯೇ ಮತ ಹಾಕಿ ಆರಿಸುವ ‘ಹೊನ್‌ಯಾ ತಾಯ್ಶೋ’ ಎಂಬ ಪ್ರಶಸ್ತಿ ಶುರುವಾಯಿತು. ಮಾರುವವರ ರುಚಿಗೆ ಅಲ್ಲಿ ಅಷ್ಟು ಬೆಲೆ ಇದೆ.

ಇದರ ಮಧ್ಯೆ ಪ್ರಕಾಶಕರ ಮಾರಾಟ ಪ್ರತಿನಿಧಿಗಳು ಬರುತ್ತಾರೆ. ‘ನಮ್ಮ ಪುಸ್ತಕ ಮುಂದೆ ಇಡಿ’ ಅನ್ನುವುದು ಅವರ ಕೆಲಸ, ‘ಇಡ್ತೀವಿ, ಮೊದಲು ಪ್ರತಿ ಕೊಡಿ’ ಅನ್ನುವುದು ಅಂಗಡಿಯ ಕೆಲಸ. ಎರಡೂ ಕಡೆಯವರು ಅತಿ ವಿನಯದಿಂದ ಬಾಗಿ ಬಾಗಿ ಮಾತಾಡುತ್ತಾ ಒಳಗೆ ಲೆಕ್ಕ ಹಾಕುವ ದೃಶ್ಯಗಳನ್ನು ನಾನು ಮತ್ತೆ ಮತ್ತೆ ಓದುತ್ತೇನೆ.

ಹಂತ 5: ಕೈಗಳನ್ನು ನೋಡಿ

ಪುಸ್ತಕದಂಗಡಿ ಅಂದರೆ ಓದುತ್ತಾ ಕೂರುವ ಸುಖದ ಕೆಲಸ ಅಂದುಕೊಂಡವರಿಗೆ ಈ ಮಂಗಾ ಒಳ್ಳೆಯ ಮದ್ದು. ಇದು ಮೈಮುರಿಯುವ ಕೆಲಸ. ಪ್ರತಿ ಅಧ್ಯಾಯದಲ್ಲಿ ಪಾತ್ರಗಳ ಕೈ ಏನು ಮಾಡುತ್ತಿದೆ ಅಂತ ಗಮನಿಸುತ್ತಾ ಹೋಗಿ.

ಬೆಳಿಗ್ಗೆ ಬಾಗಿಲು ತೆರೆಯುವ ಮೊದಲು ಪೆಟ್ಟಿಗೆಗಳು ಬಂದಿರುತ್ತವೆ. ಜಪಾನಿನ ನಿಯತಕಾಲಿಕೆಗಳ ಜೊತೆ ಉಡುಗೊರೆ ಕೊಡುವ ರೂಢಿ ಇದೆ. ಚೀಲ, ಕನ್ನಡಿ, ಆಟಿಕೆ, ಏನು ಬೇಕಾದರೂ ಇರಬಹುದು. ಅದನ್ನು ಪತ್ರಿಕೆಯೊಳಗೆ ಇಟ್ಟು ದಾರ ಕಟ್ಟುವುದು ಎಷ್ಟೋ ಸಲ ಅಂಗಡಿಯವರ ಪಾಲಿಗೆ ಬರುತ್ತದೆ. ಆಮೇಲೆ ಮಂಗಾ ಸಂಪುಟಗಳಿಗೆ ತೆಳು ಪ್ಲಾಸ್ಟಿಕ್ ಹೊದಿಕೆ. ನಿಂತಲ್ಲೇ ಓದಿ ಮುಗಿಸಿ ಹೋಗುವವರಿಂದ ಪುಸ್ತಕ ಕಾಪಾಡಲು ಇದು ಬೇಕು. ಕಾರ್ಖಾನೆಯಲ್ಲೇ ಆಗಿ ಬರುತ್ತದೆ ಅಂತ ಅಂದುಕೊಳ್ಳುತ್ತೇವೆ ಅಲ್ವಾ? ಬಹಳ ಕಡೆ ಅಂಗಡಿಯ ಹಿಂಬದಿ ಕೋಣೆಯಲ್ಲಿ ಸಿಬ್ಬಂದಿಯೇ ಒಂದೊಂದನ್ನೂ ಪ್ಲಾಸ್ಟಿಕ್ಕಿಗೆ ತೂರಿಸಿ ಬಿಸಿ ಯಂತ್ರದ ಬಾಯಿಗೆ ಕೊಡುತ್ತಾರೆ. ಈಚಿನ ಬಾಯಿಗೆ ಹೊದಿಕೆ ಬಿಗಿದುಕೊಂಡು ಹೊರಬರುತ್ತದೆ.

ಕೌಂಟರಿನಲ್ಲಿ ಇನ್ನೊಂದು ಕೈಚಳಕ. ಪುಸ್ತಕ ಕೊಂಡವರಿಗೆ ಕಾಗದದ ಹೊದಿಕೆ ಬೇಕೇ ಅಂತ ಕೇಳುತ್ತಾರೆ. ರೈಲಿನಲ್ಲಿ ಏನು ಓದುತ್ತಿದ್ದೀರಿ ಅಂತ ಪಕ್ಕದವರಿಗೆ ಕಾಣಬಾರದು, ಪುಸ್ತಕವೂ ಕೊಳೆಯಾಗಬಾರದು. ಚಿಕ್ಕ ಪೇಪರ್‌ಬ್ಯಾಕು 105×148 ಮಿಲಿಮೀಟರ್, ದೊಡ್ಡವರ ಮಂಗಾ ಸಾಮಾನ್ಯವಾಗಿ 128×182. ಇವೆರಡರ ನಡುವೆ ಇನ್ನೂ ಹಲವು ಅಳತೆ. ಸಾಲು ಬೆಳೆಯುತ್ತಿರುವಾಗ ಸರಿಯಾದ ಕಾಗದ ಹಿಡಿದು ಅಂಚು ಮಡಿಸಿ ತೊಡಿಸಬೇಕು. ಹೋಂಡಾ ನೋಡುವ ವಿಭಾಗದಲ್ಲಂತೂ ಪುಸ್ತಕಗಳು ಒಂದು ಅಳತೆಗೂ ಕೂರುವುದಿಲ್ಲ. ಅಮೆರಿಕದ ಸೂಪರ್‌ಹೀರೊ ಕಾಮಿಕ್ಸ್, ಫ್ರಾನ್ಸ್ ಬೆಲ್ಜಿಯಂಗಳ ಆಲ್ಬಮ್ಮುಗಳು, ಚಿತ್ರಸಂಪುಟಗಳು. ಎಲ್ಲವೂ ಅಗಲ, ಭಾರ, ದುಬಾರಿ. ಶೆಲ್ಫಿಗೆ ಹಿಡಿಯುವುದಿಲ್ಲ, ಹಿಡಿದರೂ ಬೇಗ ಮಾರುವುದಿಲ್ಲ. ಆದರೂ ಹೋಂಡಾಗೆ ಆ ಶೆಲ್ಫಿನ ಮೇಲೆ ಇರುವ ಪ್ರೀತಿ ನೋಡಿದರೆ ನಗುವಿನ ಜೊತೆ ಇನ್ನೇನೋ ಆಗುತ್ತದೆ.

ಚಿತ್ರದಲ್ಲಿ ಪುಸ್ತಕ ಹೇಗೆ ಇಟ್ಟಿದ್ದಾರೆ ಅನ್ನುವುದನ್ನೂ ನೋಡಿ. ಮೇಜಿನ ಮೇಲೆ ಮಲಗಿಸಿ ರಾಶಿ ಹಾಕಿದ್ದರೆ ಅದು ಓಡುವ ಕುದುರೆ. ಶೆಲ್ಫಿನಲ್ಲಿ ಮುಖಪುಟ ಕಾಣುವಂತೆ ನಿಲ್ಲಿಸಿದ್ದರೆ ಅಂಗಡಿಯವರಿಗೆ ಅದರ ಮೇಲೆ ಭರವಸೆ ಇದೆ. ಬೆನ್ನು ಮಾತ್ರ ಕಾಣುತ್ತಿದ್ದರೆ ಹುಡುಕಿಕೊಂಡು ಬರುವವರಿಗಾಗಿ ಕಾಯುತ್ತಿದೆ. ಯಾವ ಪುಸ್ತಕ ಮೇಜಿನಿಂದ ಶೆಲ್ಫಿಗೆ, ಶೆಲ್ಫಿನಿಂದ ವಾಪಸಾತಿ ಪೆಟ್ಟಿಗೆಗೆ ಹೋಗುತ್ತದೆ ಅನ್ನುವುದೇ ಅಲ್ಲಿನ ಸಿಬ್ಬಂದಿಯ ದಿನನಿತ್ಯದ ಧರ್ಮಸಂಕಟ.

ಹಂತ 6: ಗಿರಾಕಿ ಅಧ್ಯಾಯಗಳನ್ನು ಎರಡು ಸಲ ಓದಿ

ಅಂಗಡಿಯವರು ಬರೆದ ಹಾಸ್ಯದಲ್ಲಿ ಒಂದು ಕೆಟ್ಟ ಚಾಳಿ ಇರುತ್ತದೆ. ‘ಇಂಥ ದಡ್ಡ ಗಿರಾಕಿ ಬಂದಿದ್ದ ನೋಡಿ’ ಅನ್ನುವುದು. ಒಂದೆರಡು ಸಲ ನಗು ಬರುತ್ತದೆ, ಆಮೇಲೆ ಹಳಸುತ್ತದೆ. ಹೋಂಡಾ-ಸಾನ್ ಈ ಗುಂಡಿಗೆ ಬೀಳುವುದಿಲ್ಲ. ಗಿರಾಕಿ ಎಷ್ಟೇ ವಿಚಿತ್ರವಾಗಿರಲಿ, ನಗು ಬೀಳುವುದು ಎದುರಿಗೆ ನಿಂತ ಅಸ್ಥಿಪಂಜರದ ಗಾಬರಿಯ ಮೇಲೆ.

ಸರಣಿ ಶುರುವಾಗುವುದೇ ಹೊರದೇಶದ ಗಿರಾಕಿಗಳಿಂದ. ಬೇರೆ ಬೇರೆ ದೇಶದ ಹೆಂಗಸರು ‘ಯಾವೋಯಿ’ ಎಲ್ಲಿದೆ ಅಂತ ಕೇಳಿಕೊಂಡು ಬರುತ್ತಾರೆ. ಗಂಡು–ಗಂಡಿನ ಪ್ರೇಮದ ಮಂಗಾಗಳಿಗೆ ಹೊರದೇಶದ ಅಭಿಮಾನಿಗಳು ಹೇಳುವ ಹೆಸರು ಅದು. ಜಪಾನಿನ ಅಂಗಡಿಗಳಲ್ಲಿ ಅದನ್ನು ಬಿಎಲ್ (ಬಾಯ್ಸ್ ಲವ್) ಅನ್ನುತ್ತಾರೆ, ಅದಕ್ಕೆ ಬೇರೆಯೇ ಶೆಲ್ಫು ಇರುತ್ತದೆ. ಹರಕುಮುರುಕು ಇಂಗ್ಲಿಷಿನಲ್ಲಿ, ಕೈಸನ್ನೆಯಲ್ಲಿ, ಅವರಿಗೆ ಯಾವ ಬಗೆಯ ಕಥೆ ಇಷ್ಟ ಅಂತ ಪತ್ತೆ ಮಾಡುವ ಪಾಡು ಹೋಂಡಾದು. ಮಗಳಿಗಾಗಿ ಇಂಥದ್ದೇ ಪುಸ್ತಕ ಹುಡುಕಿಕೊಂಡು ಬರುವ ಒಬ್ಬ ವಿದೇಶಿ ಅಪ್ಪ ಕೂಡ ಇದ್ದಾನೆ. ಆ ಅಪ್ಪನಿಗೆ ತಾನು ಏನು ಕೊಳ್ಳಲು ಬಂದಿದ್ದೇನೆ ಅನ್ನುವುದು ಗೊತ್ತೇ ಅನ್ನುವ ಪ್ರಶ್ನೆ ಹೋಂಡಾ ತಲೆಯೊಳಗೆ ಗಿರಗಿರ ತಿರುಗುವುದನ್ನು ನೀವೇ ಓದಬೇಕು, ನಾನು ಹೇಳಿ ಕೆಡಿಸುವುದಿಲ್ಲ.

ಇಲ್ಲಿ ಒಂದು ಹಿನ್ನೆಲೆ ತಿಳಿದಿರಲಿ. ಅಭಿಮಾನಿಗಳು ತಾವೇ ಅಚ್ಚು ಹಾಕಿಸುವ ‘ದೋಜಿನ್‌ಶಿ’ ಎಂಬ ಪುಸ್ತಕಗಳು ತೋರಿತ್ಸುಗಿಯ ದಾರಿಯಲ್ಲಿ ಬರುವುದಿಲ್ಲ. ಅವಕ್ಕೆ ಬೇರೆ ಮಳಿಗೆಗಳು, ಬೇರೆ ಮೇಳಗಳು. ಹೊರದೇಶದವರಿಗೆ ಎರಡೂ ಒಂದೇ ಥರ ಕಾಣುತ್ತವೆ. ಹಾಗಾಗಿ ‘ಇದು ನಮ್ಮಲ್ಲಿ ಸಿಗಲ್ಲ’ ಅಂತ ಇನ್ನೊಂದು ಭಾಷೆಯಲ್ಲಿ ವಿವರಿಸುವುದು ದೊಡ್ಡ ಸಾಹಸ. ದೊಡ್ಡವರಿಗೆ ಮಾತ್ರ ಅನ್ನುವ ಪುಸ್ತಕಗಳಿಗೂ ನಿಯಮ ಇದೆ. ಟೋಕಿಯೊದಲ್ಲಿ 1964ರ ಒಂದು ಸ್ಥಳೀಯ ಶಾಸನದ ಪ್ರಕಾರ ಕೆಲವನ್ನು ಕಿರಿಯರಿಗೆ ತಕ್ಕದ್ದಲ್ಲ ಅಂತ ಆಡಳಿತ ಗುರುತಿಸಿದರೆ, ಅವನ್ನು ಬೇರೆಯಾಗಿ ಇಡಬೇಕು, 18 ತುಂಬದವರಿಗೆ ಮಾರುವಂತಿಲ್ಲ.

ಎರಡು ಸಲ ಓದಿ ಅಂದೆ. ಮೊದಲ ಸಲ ಮಾಮೂಲಿಯಾಗಿ ಓದಿ. ಎರಡನೇ ಸಲ ಹೋಂಡಾ ಅವರ ಒಳಮಾತನ್ನು ಬಿಟ್ಟು, ಬಾಯಿಬಿಟ್ಟು ಆಡಿದ ಮಾತು ಮಾತ್ರ ಓದಿ. ಗಿರಾಕಿಗೆ ಕಾಣುವ ಹೋಂಡಾ ಒಬ್ಬ ಶಾಂತ, ಜಾಣ, ನಯವಾದ ಮಾರಾಟಗಾರ. ಕೆಲಸ ಅಚ್ಚುಕಟ್ಟಾಗಿ ಮುಗಿದಿದೆ, ಗಿರಾಕಿ ಖುಷಿಯಾಗಿ ಹೋಗಿದ್ದಾರೆ. ಬಿರುಗಾಳಿ ಎಲ್ಲ ತಲೆಬುರುಡೆಯೊಳಗೆ. ಈ ವ್ಯತ್ಯಾಸ ಕಂಡ ಮೇಲೆ ನಮ್ಮೂರಿನ ಕೌಂಟರುಗಳ ಹಿಂದೆ ನಿಂತವರನ್ನು ನೋಡುವ ಕಣ್ಣೂ ಸ್ವಲ್ಪ ಬದಲಾಗುತ್ತದೆ.

ಗಿರಾಕಿ ಸೇವೆಯ ತರಬೇತಿಗೆ ಹೋಂಡಾ ಅವರನ್ನು ಕಳಿಸುವ ಭಾಗವನ್ನು ಇದರ ಜೊತೆಗೇ ಓದಿ. ಜಪಾನಿ ಭಾಷೆಯಲ್ಲಿ ಗಿರಾಕಿಯೊಡನೆ ಆಡುವ ಗೌರವದ ಮಾತಿಗೆ ಬೇರೆಯೇ ಕ್ರಿಯಾಪದ ರೂಪಗಳಿವೆ. ಅಲ್ಲಿ ಹುಟ್ಟಿ ಬೆಳೆದವರೂ ತಡವರಿಸುತ್ತಾರೆ. ಬಾಗುವ ಕೋನ, ನಗುವ ರೀತಿ, ಸ್ವರದ ಏರಿಳಿತ, ಎಲ್ಲಕ್ಕೂ ಪಾಠ. ಮುಖವೇ ಇಲ್ಲದವರಿಗೆ ನಗುವ ತರಬೇತಿ! ಅನುವಾದದಲ್ಲಿ ಗೌರವದ ರೂಪಗಳು ಸ್ವಲ್ಪ ಮಾಸುತ್ತವೆ, ಆದರೆ ‘ಬನ್ನಿ’ ಮತ್ತು ‘ಬಾ’ ನಡುವೆ ದಿನವಿಡೀ ಓಡಾಡುವ ಕನ್ನಡಿಗರಿಗೆ ಅದನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ.

ಹಂತ 7: ವೇಗ

ಒಂದೇ ಸಲ ಕೂತು 4 ಸಂಪುಟ ಮುಗಿಸಬೇಡಿ. ಅಧ್ಯಾಯಗಳು ಚಿಕ್ಕವು, ಒಂದಕ್ಕೊಂದು ಗಟ್ಟಿ ಕೊಂಡಿ ಇಲ್ಲ. ಮುಂದೇನು ಅನ್ನುವ ಕುತೂಹಲದಿಂದ ಓದುವ ಕಥೆ ಇದಲ್ಲ. ದಿನಕ್ಕೊಂದು ಎರಡು, ಕೆಲಸ ಮುಗಿಸಿ ಬಂದ ಮೇಲೆ, ಅಷ್ಟು ಸಾಕು. ಸಿಟ್ಟು ಬರುವ ಹಾಗೆ ಯಾರೋ ನಿಮ್ಮ ಮೇಲೆ ರೇಗಿದ ದಿನ ಓದಿದರೆ ರುಚಿ ಜಾಸ್ತಿ.

ಬೇರೆ ಮಂಗಾಗಳ ಪ್ರಸ್ತಾಪ ಬಂದಲ್ಲೆಲ್ಲ ನಿಲ್ಲಿಸಿ ಹುಡುಕುತ್ತಾ ಕೂರಬೇಡಿ. ಗೊತ್ತಿದ್ದರೆ ಹೆಚ್ಚುವರಿ ಖುಷಿ, ಗೊತ್ತಿಲ್ಲದಿದ್ದರೆ ನಷ್ಟ ಕಡಿಮೆ. ಅನುವಾದಕರು ಕೊಟ್ಟ ಟಿಪ್ಪಣಿಗಳನ್ನು ಮಾತ್ರ ಸಂಪುಟ ಮುಗಿದ ಮೇಲೆ ಒಮ್ಮೆ ತಿರುವಿ. ಕೆಲವು ಅಧ್ಯಾಯ ಜಾಳಾಗಿವೆ ಅನ್ನುವುದನ್ನೂ ಹೇಳಿಬಿಡುತ್ತೇನೆ. ಸಹೋದ್ಯೋಗಿಗಳ ಹರಟೆಯೇ ಇಡೀ ಪುಟ ತುಂಬಿಕೊಂಡಲ್ಲಿ ಕೆಲಸದ ಬಿಸಿ ಆರುತ್ತದೆ. ಅಂಥ ಕಡೆ ವೇಗವಾಗಿ ದಾಟಿದರೆ ಪಾಪವೇನಿಲ್ಲ.

ಹಂತ 8: ಒಂದು ನಿಜವಾದ ಅಂಗಡಿಗೆ ಹೋಗಿ

ಜಪಾನಿಗೆ ಹೋಗುವ ಅವಕಾಶ ಇರುವವರಿಗೆ ಈ ಹಂತ. ಈಗ ಬೆಂಗಳೂರಿನಿಂದ ಕೆಲಸದ ಮೇಲೆ ಹೋಗಿಬರುವವರು ಸಾಕಷ್ಟು ಜನ ಇದ್ದಾರೆ.

ಟೋಕಿಯೊದಲ್ಲಿ ಶಿಂಜುಕು ಕಡೆ ಹೋದರೆ ಕಿನೊಕುನಿಯಾ ಇದೆ. 1927ರಲ್ಲಿ ಅಲ್ಲೇ ಶುರುವಾದ ಅಂಗಡಿ. ಹಳೆ ಪುಸ್ತಕದ ಬೀದಿ ನೋಡಬೇಕಾದರೆ ಜಿಂಬೋಚೊ. ಆದರೆ ಹೋಂಡಾ-ಸಾನ್ ಓದಿದವರು ಮೊದಲು ಹೋಗಬೇಕಾದದ್ದು ಹೊಸ ಪುಸ್ತಕದ ಅಂಗಡಿಯ ಮಂಗಾ ಮಹಡಿಗೆ. ಮೇಜಿನ ಮೇಲೆ ಮಲಗಿದ ರಾಶಿಗಳನ್ನು ಕಾಣುತ್ತೀರಿ. ಮುಖಪುಟದ ಕೆಳಭಾಗಕ್ಕೆ ಸುತ್ತಿದ ಕಾಗದದ ಪಟ್ಟಿ ಕಾಣುತ್ತೀರಿ. ಸಿಬ್ಬಂದಿ ಬಣ್ಣಬಣ್ಣದ ಪೆನ್ನಿನಲ್ಲಿ ಬರೆದು ನೆಟ್ಟ ಚೀಟಿಗಳಿರುತ್ತವೆ. ಭಾಷೆ ಬರದಿದ್ದರೂ ಯಾವ ಚೀಟಿಯನ್ನು ಪ್ರೀತಿಯಿಂದ ಬರೆದಿದ್ದಾರೆ ಅನ್ನುವುದು ಅಕ್ಷರ ನೋಡಿದರೇ ತಿಳಿಯುತ್ತದೆ.

ಒಂದು ಸಂಪುಟ ಕೈಗೆ ತೆಗೆದುಕೊಂಡು ಹಿಂಬದಿ ತಿರುಗಿಸಿ. ಎರಡು ಬಾರ್‌ಕೋಡ್ ಒಂದರ ಕೆಳಗೊಂದು ಇರುವ ಪುಸ್ತಕಗಳು ಸಿಗುತ್ತವೆ. ಮೇಲಿನದು 978-4ರಿಂದ ಶುರುವಾಗುವ ಐಎಸ್‌ಬಿಎನ್, ಆ 4 ಅಂದರೆ ಜಪಾನ್. ಕೆಳಗಿನದು 192ರಿಂದ ಶುರುವಾಗುತ್ತದೆ, ಅದರಲ್ಲಿ ಪುಸ್ತಕದ ವರ್ಗ ಮತ್ತು ಬೆಲೆ ಅಡಗಿದೆ. ಎಷ್ಟೋ ಮಂಗಾ ಸಂಪುಟಗಳ ಮೇಲೆ ನಿಯತಕಾಲಿಕೆಯ ಸಂಕೇತ ಸಂಖ್ಯೆಯೂ ಇರುತ್ತದೆ, ಯಾಕೆಂದರೆ ಅವು ಹಂಚಿಕೆಯಾಗುವುದು ಪುಸ್ತಕದ ದಾರಿಯಲ್ಲಿ ಅಲ್ಲ, ಪತ್ರಿಕೆಗಳ ದಾರಿಯಲ್ಲಿ.

ಪ್ಲಾಸ್ಟಿಕ್ ಹೊದಿಕೆ ಹರಿಯಬೇಡಿ. ಒಳಗೆ ನೋಡಬೇಕಾದರೆ ಕೆಲವು ಕಡೆ ಮೊದಲ ಅಧ್ಯಾಯದ ಮಾದರಿ ಪುಸ್ತಿಕೆ ನೇತುಹಾಕಿರುತ್ತಾರೆ, ಅದನ್ನು ತಿರುವಿ. ಏನಾದರೂ ಹುಡುಕುತ್ತಿದ್ದರೆ ಮುಖಪುಟದ ಚಿತ್ರವನ್ನು ಫೋನಿನಲ್ಲಿ ತೋರಿಸಿ. ಹೆಸರನ್ನು ನಮ್ಮ ಉಚ್ಚಾರಣೆಯಲ್ಲಿ ಮೂರು ಸಲ ಹೇಳುವುದಕ್ಕಿಂತ ಅದು ವಾಸಿ. ಐಎಸ್‌ಬಿಎನ್ ಬರೆದುಕೊಂಡು ಹೋದರೆ ಇನ್ನೂ ಒಳ್ಳೆಯದು, ಕಂಪ್ಯೂಟರಿಗೆ ಹಾಕಿದ ತಕ್ಷಣ ಯಾವ ಶೆಲ್ಫು ಅಂತ ಹೇಳುತ್ತಾರೆ. ಕೌಂಟರಿನಲ್ಲಿ ಹಣ ಕೊಡುವಾಗ ಅವರು ಏನೋ ಉದ್ದವಾಗಿ ಕೇಳಿದರೆ, ಅದು ಬಹುಶಃ ಕಾಗದದ ಹೊದಿಕೆ ಬೇಕೇ ಅನ್ನುವ ಪ್ರಶ್ನೆ. ಬೇಕು ಅಂತ ತಲೆಯಾಡಿಸಿ. ಹಿಂದೆ ಸಾಲು ಉದ್ದ ಇದ್ದರೆ ಮಾತ್ರ ಬೇಡ ಅನ್ನಿ.